ಮುಳ್ಳು ಹಗುರಾದರೆ ರೆಕಾರ್ಡ್ ಉಳಿಯದು

ಅಟ್ಟದಲ್ಲಿದ್ದ ಎಲ್‌ಪಿಗಳನ್ನು ಕೆಳಗಿಳಿಸಿ, ಹೊಸ ಟರ್ನ್‌ಟೇಬಲ್ ಕೊಂಡವರ ದೂರು ಹೆಚ್ಚುಕಡಿಮೆ ಒಂದೇ: ‘ಸ’, ‘ಶ’ ಬಂದಲ್ಲೆಲ್ಲ ದನಿ ಸಿಡಿಯುತ್ತದೆ, ಕೊನೆಯ ಹಾಡಂತೂ ಕೇಳಲಾಗದು. ಆಮೇಲೆ ಸ್ಪೀಕರ್ ಬದಲಿಸುತ್ತಾರೆ. ಬದಲಿಸಬೇಕಾದದ್ದು ಸ್ಪೀಕರನ್ನಲ್ಲ, ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಕೂರಿಸಿದ ರೀತಿಯನ್ನು.

ಕಾರ್ಟ್ರಿಜ್ಜನ್ನು ತೋಳಿನ ತುದಿಯ ಹೆಡ್‌ಶೆಲ್‌ಗೆ ಸಡಿಲವಾಗಿ ತಿರುಪಿ, ನಾಲ್ಕು ತಂತಿಗಳನ್ನು ಚಿಮಟದಿಂದ ಸಿಕ್ಕಿಸಿ. ಬಿಳಿ, ನೀಲಿ ಎಡ ಚಾನೆಲ್‌ಗೆ. ಕೆಂಪು, ಹಸಿರು ಬಲ ಚಾನೆಲ್‌ಗೆ. ನೀಲಿ ಮತ್ತು ಹಸಿರು ಗ್ರೌಂಡ್.

ಇನ್ನು ತೂಕ. ಹೆಚ್ಚಿನವರು ಎಡವುವುದು ಇಲ್ಲೇ. ಮುಳ್ಳಿನ ಮುಚ್ಚಳ ತೆಗೆದು, ತೋಳು ಒಳಕ್ಕೆ ಜಾರದಂತೆ ತಡೆಯುವ ಆ್ಯಂಟಿ-ಸ್ಕೇಟ್ ಗುಂಡಿಯನ್ನು ಸೊನ್ನೆಗೆ ತನ್ನಿ. ತೋಳು ಮೇಲೇಳದೆ, ಕೆಳಗಿಳಿಯದೆ ಸಮತಲದಲ್ಲಿ ತೇಲುವವರೆಗೆ ಹಿಂದಿನ ತೂಕದ ಗುಂಡನ್ನು ತಿರುಗಿಸಿ. ಈಗ ಗುಂಡನ್ನು ಅಲುಗದಂತೆ ಹಿಡಿದು, ಅದರ ಮುಂದಿನ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿ, ಕಾರ್ಟ್ರಿಜ್ ತಯಾರಕರು ಹೇಳಿದ ಅಂಕಿಗೆ ನಿಲ್ಲಿಸಿ. ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ, ಆರ್ಟೊಫಾನ್ 2ಎಂ ರೆಡ್ ಆದರೆ 1.8.

‘ರೆಕಾರ್ಡ್ ಸವೆಯಬಾರದಲ್ಲ, ಅದಕ್ಕೇ 1 ಗ್ರಾಂಗೆ ಇಟ್ಟಿದ್ದೇನೆ’ ಎನ್ನುವವರು ಬಹಳ. ಇದಕ್ಕಿಂತ ದೊಡ್ಡ ಹಾನಿ ಬೇರೆ ಇಲ್ಲ. ತೂಕ ಸಾಲದ ಮುಳ್ಳು ಗೆರೆಯ ಗೋಡೆಗಳಿಗೆ ಅಂಟಿಕೊಂಡು ಓಡುವುದಿಲ್ಲ. ಜೋರು ದನಿ ಬಂದೊಡನೆ ಗೋಡೆ ಬಿಟ್ಟು ಹಾರಿ, ಮತ್ತೆ ಬಡಿಯುತ್ತದೆ. ವಜ್ರದ ತುದಿ ಬಡಿದ ವಿನೈಲ್ ಜಜ್ಜಿಹೋಗುತ್ತದೆ. ನಾಳೆ ಸರಿಯಾದ ತೂಕ ಇಟ್ಟರೂ ಆ ಸಿಡಿತ ರೆಕಾರ್ಡಿನಲ್ಲೇ ಉಳಿದಿರುತ್ತದೆ. ತಯಾರಕರು 1.8ರಿಂದ 2.2 ಎಂದಿದ್ದರೆ 2ಕ್ಕೇ ಇಡಿ. ಅನುಮಾನ ಬಂದರೆ 2.1, ಕೆಳಕ್ಕೆ ಬೇಡ. ಹಾಗೆಂದು ಹೆಡ್‌ಶೆಲ್ ಮೇಲೆ ನಾಣ್ಯ ಇಡುವ ಹಳೆಯ ಚಾಳಿಯೂ ಬೇಡ. ಬಳೆಯ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಮುಳ್ಳಿನ ತೂಕ ನೋಡುವ ಪುಟ್ಟ ಡಿಜಿಟಲ್ ತಕ್ಕಡಿ ಕೊಳ್ಳಿ, ಅದರ ತಟ್ಟೆ ರೆಕಾರ್ಡಿನ ಎತ್ತರಕ್ಕೇ ಇರಲಿ. ದುಬಾರಿ ಕೇಬಲ್ಲಿಗೆ ಸುರಿಯುವ ಹಣದಲ್ಲಿ ಇದಕ್ಕೆ ಸ್ವಲ್ಪ ತೆಗೆದಿಟ್ಟರೆ ಸಾಕು.

ಮುಂದಿನದು ಕೋನ. ಅಳತೆಪಟ್ಟಿಯನ್ನು (ಪ್ರೊಟ್ರ್ಯಾಕ್ಟರ್) ಟರ್ನ್‌ಟೇಬಲ್‌ನ ತಟ್ಟೆಯ ಮೇಲಿಡಿ. ಬೇರ್ವಾಲ್ಡ್ ಲೆಕ್ಕದ ಪಟ್ಟಿಯಾದರೆ ನಡುಗೂಟದ ಮಧ್ಯದಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ ಎರಡು ಚುಕ್ಕೆಗಳಿರುತ್ತವೆ. ಮುಳ್ಳಿನ ತುದಿಯನ್ನು ಚುಕ್ಕೆಯ ಮೇಲಿಳಿಸಿದಾಗ ಕಾರ್ಟ್ರಿಜ್ ಪಕ್ಕದ ಗೆರೆಗಳಿಗೆ ನೇರವಾಗಿ ಕೂರಬೇಕು, ಅದೂ ಎರಡೂ ಚುಕ್ಕೆಗಳಲ್ಲಿ. ಒಂದರಲ್ಲಿ ಸರಿಹೋಗಿ ಇನ್ನೊಂದರಲ್ಲಿ ಓರೆಯಾದರೆ ಹಿಂದೆ ಮುಂದೆ ಸರಿಸಿ ಮತ್ತೆ ನೋಡಿ. ತಾಳ್ಮೆ ಕೆಡಿಸುವ ಕೆಲಸ ನಿಜ, ಆದರೆ ಕೊನೆಯ ಹಾಡು ಒಡೆಯುವುದು ನಿಲ್ಲುವುದು ಇದರಿಂದಲೇ. ತಿರುಪು ಬಿಗಿಮಾಡುವಾಗ ಕಾರ್ಟ್ರಿಜ್ ಕೊಂಚ ಸರಿದೇ ಸರಿಯುತ್ತದೆ. ಬಿಗಿಮಾಡಿದ ಮೇಲೆ ಕೋನವನ್ನೂ ತೂಕವನ್ನೂ ಇನ್ನೊಮ್ಮೆ ನೋಡಿ.

ಉಳಿದದ್ದು ಚುಟುಕಾಗಿ: ಆ್ಯಂಟಿ-ಸ್ಕೇಟ್ ಅನ್ನು ತೂಕದಷ್ಟೇ ಅಂಕಿಗೆ ಇಡಿ. ಎದುರಿನಿಂದ ನೋಡಿದಾಗ ಕಾರ್ಟ್ರಿಜ್ ಎಡಬಲಕ್ಕೆ ವಾಲಿರಬಾರದು. ಹಾಡುವಾಗ ತೋಳು ರೆಕಾರ್ಡಿಗೆ ಸಮಾನಾಂತರವಾಗಿರಲಿ. ಎತ್ತರ ಹೊಂದಿಸುವ ವ್ಯವಸ್ಥೆ ಇಲ್ಲದ ಟರ್ನ್‌ಟೇಬಲ್ ಆದರೆ ತಲೆಕೆಡಿಸಿಕೊಳ್ಳಬೇಡಿ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೆ ಫೋನೊ ಆಂಪ್ಲಿಫೈಯರ್‌ನಲ್ಲಿ ಎಂಎಂ, 47 ಕಿಲೋ ಓಮ್ ಇರಲಿ. ಅಜ್ಜನ ಕಾಲದ 78ರ ಪ್ಲೇಟುಗಳನ್ನು ಮಾತ್ರ ಈ ಮುಳ್ಳಿನಲ್ಲಿ ಹಾಕಬೇಡಿ. ಅವುಗಳ ಗೆರೆ ಅಗಲ. ಅದಕ್ಕೆ ದಪ್ಪ ತುದಿಯ ಬೇರೆ ಮುಳ್ಳೇ ಬೇಕು.