ಟರ್ಬೊ ಯಾಕೆ ತಡಮಾಡುತ್ತೆ?

ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕೋಕೆ ಆಕ್ಸಿಲರೇಟರ್ ಒತ್ತುತ್ತೀರಿ. ಟರ್ಬೊ ಕಾರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ನುಗ್ಗುತ್ತೆ. ಎದುರಿಂದ ಗಾಡಿ ಬರ್ತಿದ್ದರೆ ಆ ಕ್ಷಣ ಬಹಳ ದೊಡ್ಡದು. ಇದೇ ಟರ್ಬೊ ಲ್ಯಾಗ್.

ಟರ್ಬೊದಲ್ಲಿ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿಂದ ಹೊರಬರುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತೆ. ಇನ್ನೊಂದು ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತೆ. ಹೆಚ್ಚು ಗಾಳಿಗೆ ಹೆಚ್ಚು ಹೊಗೆ ಬೇಕು, ಹೆಚ್ಚು ಹೊಗೆಗೆ ಹೆಚ್ಚು ಗಾಳಿ ಬೇಕು. ಬೀಜ ಮೊದಲೋ ಮರ ಮೊದಲೋ ಅನ್ನೋ ಕಥೆ! ಜೀವಕೋಶಗಳ ಜೊತೆ ಕೆಲಸ ಮಾಡೋ ನಮಗೆ ಇಂಥ ಫೀಡ್‌ಬ್ಯಾಕ್ ಚಕ್ರಗಳು ಚೆನ್ನಾಗೇ ಪರಿಚಯ. ಹೊರಗಿನಿಂದ ಯಾರಾದರೂ ಮೊದಲು ತಳ್ಳಬೇಕು.

ಇಲ್ಲಿ ತಳ್ಳೋದು ವಿದ್ಯುತ್ ಮೋಟಾರು. 2016ರ ಆಡಿ ಎಸ್‌ಕ್ಯೂ7 ಡೀಸೆಲ್‌ನಲ್ಲಿ ಮಾಮೂಲಿ ಟರ್ಬೊಗಳ ಜೊತೆಗೆ 7 ಕಿಲೋವ್ಯಾಟ್ ಮೋಟಾರಿನ ಬೇರೆ ಕಂಪ್ರೆಸರ್ ಇತ್ತು. ಕಾಲು ಸೆಕೆಂಡಿನೊಳಗೆ ಅದು ನಿಮಿಷಕ್ಕೆ 70,000 ಸುತ್ತಿನ ವೇಗ ಮುಟ್ಟುತ್ತಿತ್ತು. 2022ರಲ್ಲಿ ಮರ್ಸಿಡಿಸ್-ಎಎಂಜಿ ಸಿ43 ಬಂತು. ಅದರಲ್ಲಿ ಬೇರೆ ಕಂಪ್ರೆಸರ್ ಇಲ್ಲ. ಸುಮಾರು 4 ಸೆಂಟಿಮೀಟರ್ ದಪ್ಪದ ಮೋಟಾರು ಟರ್ಬೊ ಶಾಫ್ಟಿನ ಮೇಲೇ, ಎರಡು ಚಕ್ರಗಳ ನಡುವೆ ಕೂತಿದೆ.

ನಮಗೆ ಹೆಚ್ಚು ಹಿಡಿಸಿದ್ದು 2024ರಲ್ಲಿ ಬಂದ ಪೋರ್ಶೆ 911 ಜಿಟಿಎಸ್. ಎರಡು ಟರ್ಬೊ ಇದ್ದ ಕಡೆ ಈಗ ಒಂದೇ. ಹೊಗೆ ಜೋರಾದಾಗ ಅದೇ ಮೋಟಾರು ಜನರೇಟರ್ ಆಗಿ, 11 ಕಿಲೋವ್ಯಾಟ್‌ವರೆಗೆ ವಿದ್ಯುತ್ ವಾಪಸು ಕೊಡುತ್ತೆ. ಫಾರ್ಮುಲಾ ಒನ್ ಕಾರುಗಳಲ್ಲಿ 2014ರಿಂದಲೇ ಈ ವ್ಯವಸ್ಥೆ ಇತ್ತು. ದುಬಾರಿ, ಜಟಿಲ ಅಂತ 2026ರ ನಿಯಮಗಳಲ್ಲಿ ಅದನ್ನು ಕೈಬಿಟ್ಟರು. ರೇಸ್ ಎಂಜಿನಿಯರುಗಳಿಗೆ ಲ್ಯಾಗಿನ ಹಳೇ ತಲೆನೋವು ವಾಪಸು.