ಆ ಬರಿಗೈಗೆ ಬದಲಾಗಿ

ಹಾಸನ

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ವಿಡಿಯೊ ಎರಡು ಸಲ ನೋಡಿದೆ ಪುಟ್ಟಿ. ನಿಮ್ಮ ರೋಬಾಟ್ ಟೊಮೆಟೊ ಎತ್ತಲು ಹೋಗಿ ಹಿಸುಕಿಬಿಟ್ಟಿದ್ದಕ್ಕೆ ನಿನ್ನ ಮುಖ ಸಪ್ಪಗಾದದ್ದೂ ಕಂಡಿತು. ಬೇಜಾರು ಬೇಡ. ಕಷ್ಟವೆಲ್ಲ ಇರುವುದು ಆ ಕೈಯಲ್ಲೇ.

ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದಾಗ ಒಮ್ಮೆ ಬಾಂಬ್ ಸೂಟ್ ತೊಟ್ಟಿದ್ದೆ. ಮೂವತ್ತು ಕಿಲೋಗೂ ಮೀರಿದ ಭಾರ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನದೇ ಉಸಿರು ಮುಖದ ಗಾಜಿಗೆ ಮಂಜಿನ ಹಾಗೆ ಕವಿಯಿತು. ಎದೆ, ಹೊಟ್ಟೆ, ಕುತ್ತಿಗೆ ಎಲ್ಲಕ್ಕೂ ರಕ್ಷೆ. ಕೈಗಳು ಮಾತ್ರ ಬರಿದು. ಸಣ್ಣ ತಂತಿಯನ್ನು ಬೆರಳೇ ಮುಟ್ಟಿ ಅರಿಯಬೇಕಲ್ಲ, ಅದಕ್ಕೆ. ಬಾಂಬ್ ನಿಷ್ಕ್ರಿಯಗೊಳಿಸುವ ಯಂತ್ರಗಳನ್ನು ಕಂಡಾಗೆಲ್ಲ ನನಗೆ ನೆನಪಾಗುವುದು ಆ ಬರಿಗೈ.

ಉತ್ತರ ಐರ್ಲೆಂಡಿನಲ್ಲಿ ಕಾರುಗಳೊಳಗೆ ಬಾಂಬ್ ಇಟ್ಟು ನಿಲ್ಲಿಸಿ ಹೋಗುತ್ತಿದ್ದ ಕಾಲ. 1972ರಲ್ಲಿ ಬ್ರಿಟಿಷ್ ಸೇನೆಯ ಪೀಟರ್ ಮಿಲ್ಲರ್ ತೋಟದ ಕೆಲಸದ ವಿದ್ಯುತ್ ಕೈಗಾಡಿಯೊಂದನ್ನು ತಂದು, ಅಂಥ ಕಾರಿಗೆ ದೂರದಿಂದಲೇ ಕೊಕ್ಕೆ ಹಾಕಿಸಿ ಎಳೆಯುವ ಉಪಾಯ ಮಾಡಿದರು. ಯಂತ್ರಕ್ಕೆ 'ವೀಲ್‌ಬ್ಯಾರೋ' ಎಂಬ ಹೆಸರೇ ನಿಂತಿತು. ನಮ್ಮಲ್ಲಿ ಡಿಆರ್‌ಡಿಒದ ಪುಣೆ ಪ್ರಯೋಗಾಲಯ 'ದಕ್ಷ್' ಎಂಬ ಇಂಥದೇ ರೋಬಾಟ್ ರೂಪಿಸಿತು; 2011ರಲ್ಲಿ ಮೊದಲ ಐದು ಸೇನೆಗೆ ಬಂದವು. ಮೆಟ್ಟಿಲು ಹತ್ತುತ್ತದೆ, ಚೀಲದೊಳಗಿನದನ್ನು ಎಕ್ಸ್‌ರೇ ತೆಗೆದು ತೋರಿಸುತ್ತದೆ. ಇಂಥ ಯಂತ್ರಗಳಲ್ಲಿ ನನಗೆ ಬಲು ಮೆಚ್ಚುಗೆಯಾದದ್ದು ವಾಟರ್ ಜೆಟ್. ರಭಸದಿಂದ ಚಿಮ್ಮುವ ನೀರು, ಡಿಟೊನೇಟರಿಗೆ ಕರೆಂಟ್ ಮುಟ್ಟುವುದರೊಳಗೆ ಬ್ಯಾಟರಿ, ತಂತಿಗಳನ್ನು ಚೆಲ್ಲಾಪಿಲ್ಲಿ ಮಾಡಿಬಿಡುತ್ತದೆ. ನೀರಿನಿಂದ ಬಾಂಬ್ ಕೊಲ್ಲುವುದು!

ಆದರೂ ಮನುಷ್ಯನ ಕೈಯೇ ಮುಂದಾಗಬೇಕಾದ ಗಳಿಗೆ ತಪ್ಪಿಲ್ಲ. 2016ರ ಜನವರಿ 3, ಉಗ್ರರ ದಾಳಿಗೆ ತುತ್ತಾಗಿದ್ದ ಪಠಾಣ್‌ಕೋಟ್. ನಮ್ಮ ಸ್ಯಾಪರ್ಸ್‌ನಿಂದ ಎನ್‌ಎಸ್‌ಜಿ ಕಮಾಂಡೊ ಪಡೆಗೆ ಹೋಗಿದ್ದ ಲೆಫ್ಟಿನೆಂಟ್ ಕರ್ನಲ್ ನಿರಂಜನ್, ಸತ್ತ ಉಗ್ರನ ದೇಹವನ್ನು ಪರೀಕ್ಷಿಸುವಾಗ ಗ್ರೆನೇಡ್ ಸಿಡಿಯಿತು. ಬೆಂಗಳೂರಿನ ಮನೆಗೆ ಅವರು ಬಂದದ್ದು ತ್ರಿವರ್ಣ ಹೊದ್ದು. ಆ ದಿನ ನಾನು ಟಿವಿ ಮುಂದಿನಿಂದ ಏಳಲಿಲ್ಲ, ನಿನ್ನ ದೊಡ್ಡಮ್ಮನೂ ಊಟಕ್ಕೆ ಕರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಟೊಮೆಟೊ ಬಿಡಬೇಡ. ಪರದೆ ಕಣ್ಣಿಗೆ ತೋರಿಸುತ್ತದೆ, ಬೆರಳಿಗೆ ಏನೂ ಹೇಳುವುದಿಲ್ಲ. ಎಷ್ಟು ಬಿಗಿ ಹಿಡಿದಿದ್ದೇನೆಂದು ದೂರ ಕೂತವನಿಗೆ ತಿಳಿಯುವಂತೆ ಮಾಡು. ಓಟದ ವೇಗ ಆಮೇಲೆ ನೋಡಿಕೊಂಡರಾಯಿತು.

ದೀಪಾವಳಿಗೆ ಬರುವಾಗ ರೋಬಾಟನ್ನೂ ಕರೆತಾ. ಜಗುಲಿಯ ಮೇಲೆ ಬಾಯಿ ಕಟ್ಟಿದ ಚೀಲದಲ್ಲಿ ಟೊಮೆಟೊ ಇಟ್ಟಿರುತ್ತೇನೆ. ನೀನು ಕೊಟ್ಟಿಗೆಯ ಹಿಂದೆ ಕೂತು, ಬರೀ ಪರದೆ ನೋಡಿ ಗಂಟು ಬಿಚ್ಚಬೇಕು. ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ