ನವಿಲುಕೋಸಿನ ಬೇಸಾಯವೂ ಪಾಕವೂ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿಗೆ ಸೇರಿದ ವಡ್ಡು ಗ್ರಾಮದ ಕಡೆಯ ರೈತರಿಗೆ ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ, ಮೆಕ್ಕೆಜೋಳ ಇವು ಪರಿಚಿತವಾದ ಪೈರುಗಳು. ನೀರಿನ ಅನುಕೂಲವುಳ್ಳವರು ಬದನೆ, ಈರುಳ್ಳಿ ಮೊದಲಾದುವನ್ನೂ ಬೆಳೆಯುವುದುಂಟು. ಬೆಂಗಳೂರು, ಮೈಸೂರುಗಳ ಅಡಿಗೆಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನವಿಲುಕೋಸನ್ನು ಇಂತಹ ಭೂಮಿಯಲ್ಲಿ ಮೊದಲ ಸಲ ಬೆಳೆಯಲು ಮನಸ್ಸು ಮಾಡುವ ಜಮೀನುದಾರರು ಒಂದು ಮಾತನ್ನು ನೆನಪಿನಲ್ಲಿಡತಕ್ಕದ್ದು. ಹೊಸ ಪೈರು ಮೊದಲನೆಯ ವರ್ಷವೇ ಹೆಸರು ಕೆಡಿಸಿಕೊಂಡರೆ ಊರಿನವರು ಬಹುಕಾಲ ಅದರ ಗೋಜಿಗೆ ಹೋಗುವುದಿಲ್ಲ. ಗೌಡರ ಹೊಲದಲ್ಲಿ ಕೆಟ್ಟದ್ದನ್ನು ಗುತ್ತಿಗೆಯ ರೈತನು ತನ್ನ ಹೊಲದಲ್ಲಿ ಏಕೆ ಇಟ್ಟಾನು?

ಈ ಪೈರಿಗೆ ಕೆಟ್ಟ ಹೆಸರು ಬರುವುದಕ್ಕೆ ಮುಖ್ಯ ಕಾರಣ ರೋಗವೂ ಅಲ್ಲ, ಹುಳುವೂ ಅಲ್ಲ. ಗೆಡ್ಡೆಯನ್ನು ದೊಡ್ಡದಾಗಲೆಂದು ಹೊಲದಲ್ಲಿ ಬಿಟ್ಟು, ನಾರುಗಟ್ಟಿದ ಮೇಲೆ ಕಿತ್ತು ತಂದು, ಸಿಪ್ಪೆಯನ್ನು ತೆಳ್ಳಗೆ ಹೆರೆದು ಬೇಯಿಸುವುದರಿಂದಲೇ ಆ ಅಪಕೀರ್ತಿ ಬರುತ್ತದೆ. ಹಾಗೆ ಬೇಯಿಸಿದ್ದನ್ನು ಅಗಿಯಲಾರದೆ ಮನೆಯವರು ಎಲೆಯ ಅಂಚಿಗೆ ತಳ್ಳುವರು.

ನವಿಲುಕೋಸಿಗೆ ಗೆಡ್ಡೆಕೋಸು ಎಂಬ ಹೆಸರೂ ಉಂಟು. ಆದರೆ ಇದು ಮೂಲಂಗಿಯಂತೆ ಬೇರಲ್ಲ, ಆಲೂಗೆಡ್ಡೆಯಂತೆ ನೆಲದೊಳಗೆ ಬೆಳೆಯತಕ್ಕದ್ದೂ ಅಲ್ಲ. ಎಲೆಕೋಸು, ಹೂಕೋಸುಗಳ ಕುಲಕ್ಕೇ ಸೇರಿದ ಈ ಗಿಡದ ಕಾಂಡವು ನೆಲದ ಮೇಲೆ ಚೆಂಡಿನಂತೆ ಉಬ್ಬುತ್ತದೆ. ನಾವು ತಿನ್ನುವುದು ಆ ಉಬ್ಬಿದ ಕಾಂಡವನ್ನು. ಆದಕಾರಣ ಇದಕ್ಕೆ ಆಲೂಗೆಡ್ಡೆಗೆ ಮಾಡುವಂತೆ ಮಣ್ಣು ಏರಿಸಕೂಡದು. ಸಸಿಯನ್ನು ಆಳವಾಗಿ ನೆಟ್ಟರೂ, ಉಬ್ಬಿನ ಮೇಲೆ ಮಣ್ಣು ಬಿದ್ದರೂ ಗೆಡ್ಡೆ ವಿಕಾರವಾಗಿ ಕೊಳೆಯುವ ಸಂಭವವಿದೆ. ಕಳೆ ತೆಗೆಯುವಾಗ ಕುಂಟೆಯನ್ನು ಮೇಲುಮೇಲಕ್ಕೆ ಆಡಿಸಿದರೆ ಸಾಕು; ಬೇರುಗಳು ಆಳಕ್ಕೆ ಇಳಿದಿರುವುದಿಲ್ಲ.

ಇದು ತಂಪು ಕಾಲದ ಪೈರು. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರಿ ಕಾಯುವ ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಇರುವ ಅವಕಾಶ ನಾಲ್ಕು ತಿಂಗಳು ಮಾತ್ರ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಒಟ್ಟಲು ಹಾಕಬಹುದು. ಆಮೇಲೆ ಹಾಕಿದ ಬೀಜ ಮೊಳೆಯದೆ ಇರದು, ಗಿಡವೂ ಆಗುವುದು; ಆದರೆ ಗೆಡ್ಡೆ ಕಟ್ಟುವ ಹೊತ್ತಿಗೆ ಶಿವರಾತ್ರಿಯ ಬಿಸಿಲು ಹತ್ತಿ ತಿರುಳು ನಾರಾಗುವುದು.

ಮೊದಲನೆಯ ವರ್ಷ ಎರಡು ಗುಂಟೆಗೆ ಮೀರಿ ಇಡದಿರುವುದು ವಿವೇಕ. ಅಷ್ಟು ಜಾಗಕ್ಕೆ 25 ಗ್ರಾಂ ಬೀಜ ಧಾರಾಳವಾಯಿತು. 'ವೈಟ್ ವಿಯೆನ್ನಾ' ಎಂಬ ಹಸಿರು ಬಿಳುಪಿನ ಜಾತಿ ಬೇಗ ಬರುತ್ತದೆ; 'ಪರ್ಪಲ್ ವಿಯೆನ್ನಾ' ಹೊರಗೆ ನೇರಳೆಯಾಗಿದ್ದರೂ ಒಳಗೆ ಬಿಳುಪೇ. ಹೊಸಬರಿಗೆ ಮೊದಲನೆಯದೇ ಮೇಲು. ಎತ್ತರಿಸಿದ ಮಡಿಯಲ್ಲಿ ನಾಲ್ಕು ಅಂಗುಲಕ್ಕೊಂದು ಸಾಲಿನಂತೆ ಬೀಜವನ್ನು ತೆಳ್ಳಗೆ ಬಿತ್ತಿ, ಪುಡಿಗೊಬ್ಬರ ಮುಚ್ಚಿ, ಹಿಂಗಾರಿನ ಮಳೆಯ ಹೊಡೆತ ತಾಗದಂತೆ ಹುಲ್ಲಿನ ಮರೆ ಕಟ್ಟಬೇಕು. ನಾಲ್ಕೈದು ವಾರಗಳಲ್ಲಿ ಸಸಿಗಳು ನಾಲ್ಕೈದು ಎಲೆಯವಾಗುತ್ತವೆ. ಆಗ ಸಂಜೆಯ ಹೊತ್ತು ಸಾಲಿನಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ 9 ಅಂಗುಲ ಬಿಟ್ಟು ನಾಟಿ ಮಾಡಿಸಬೇಕು. ಕಾಲುವೆ, ಬದುಗಳನ್ನು ಕಳೆದು ಎರಡು ಗುಂಟೆಯಲ್ಲಿ ಸುಮಾರು 2,500 ಸಸಿಗಳು ಹಿಡಿಯುತ್ತವೆ.

ಇಲ್ಲಿ ಯಜಮಾನರು ಲೆಕ್ಕ ಹಾಕತಕ್ಕ ಸಂಗತಿಯೊಂದಿದೆ. ಒಂದೇ ದಿನ ನೆಟ್ಟ 2,500 ಗಿಡಗಳು ಹೆಚ್ಚುಕಡಮೆ ಒಂದೇ ವಾರದಲ್ಲಿ ಹದಕ್ಕೆ ಬರುತ್ತವೆ. ಆ ಹದ ಬಹಳ ದಿನ ನಿಲ್ಲದು. ಅಷ್ಟನ್ನು ಮನೆಯವರು ತಿಂದು ತೀರಿಸುವಂತಿಲ್ಲ, ಗುರುತಿಲ್ಲದ ತರಕಾರಿಯನ್ನು ಸಂತೆ ಒಮ್ಮೆಗೇ ಕೊಳ್ಳುವಂತೆಯೂ ಇಲ್ಲ. ಆದುದರಿಂದ ಬೀಜವನ್ನು ಮೂರು ಪಾಲು ಮಾಡಿ, ಎರಡೆರಡು ವಾರದ ಅಂತರದಲ್ಲಿ ಒಟ್ಟಲು ಹಾಕತಕ್ಕದ್ದು. ಸಮೀಪದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ಅಲ್ಲಿ ನಾನಾ ಪ್ರಾಂತ್ಯಗಳ ಜನರು ನೆಲೆಸಿದ್ದಾರೆ. ಹಿಂದಿಯವರಿಗೆ ಇದು ಗಾಂಠ್‌ಗೋಭಿ, ಬಂಗಾಳಿಗಳಿಗೆ ಓಲ್‌ಕೊಪಿ, ಮರಾಠಿಗರಿಗೆ ನವಲ್‌ಕೋಲ್. ಕಾಶ್ಮೀರದವರಿಗಂತೂ ಇದರ ಸೊಪ್ಪು ಗೆಡ್ಡೆಗಳೆರಡೂ ನಿತ್ಯದ ಊಟ. ಮೊದಲ ಬುಟ್ಟಿಯನ್ನು ಅಂತಹವರಿರುವ ಕಡೆಗೆ ಕಳುಹಿಸಿ ನೋಡುವುದು ಲೇಸು.

ಭೂಮಿ ಕೆಂಪಾದರೂ ಕಪ್ಪಾದರೂ ಆಗಬಹುದು, ನೀರು ನಿಲ್ಲಬಾರದು. ಎರೆಭೂಮಿಯಾದರೆ ಬೋದುಗಳ ಮೇಲೆ ನೆಡುವುದು ಕ್ಷೇಮ. ಎಕರೆಗೆ 10 ಟನ್ನಿನ ಪ್ರಕಾರ ಎರಡು ಗುಂಟೆಗೆ ಅರ್ಧ ಟನ್ ಕಳಿತ ಕೊಟ್ಟಿಗೆಗೊಬ್ಬರ ಬೇಕು. ನೀರನ್ನು ಕೆಂಪು ನೆಲಕ್ಕೆ ನಾಲ್ಕೈದು ದಿನಕ್ಕೊಮ್ಮೆ, ಕಪ್ಪು ನೆಲಕ್ಕೆ ವಾರಕ್ಕೊಮ್ಮೆ ಕೊಡಬೇಕು. ಹತ್ತು ದಿನ ಒಣಗಿಸಿ ಆಮೇಲೆ ಒಮ್ಮೆಗೇ ತುಂಬಿ ಹರಿಸಿದರೆ ಗೆಡ್ಡೆ ಸೀಳುತ್ತದೆ.

ಎಲೆಕೋಸಿಗೆ ಬೀಳುವ ವಜ್ರಬೆನ್ನಿನ ಪತಂಗದ ಹುಳುವೂ ಸಸ್ಯಹೇನೂ ಇದಕ್ಕೂ ಬೀಳುತ್ತವೆ. ಮಡಿಯ ಅಂಚಿನಲ್ಲಿ ಸಾಸಿವೆಯನ್ನು ಮುಂಚಿತವಾಗಿಯೇ ಬಿತ್ತಿದ್ದರೆ ಪತಂಗಗಳು ಅದಕ್ಕೆ ಎರಗುತ್ತವೆ. ಲೀಟರ್ ನೀರಿಗೆ 50 ಗ್ರಾಂ ಬೇವಿನಬೀಜದ ತಿರುಳನ್ನು ಅರೆದು, ರಾತ್ರಿ ನೆನೆಸಿ, ಸೋಸಿದ ಕಷಾಯವನ್ನು ಸಂಜೆ ಎಲೆಯ ತಳಭಾಗಕ್ಕೆ ಸಿಂಪಡಿಸಬೇಕು. ಕೋಸು, ಮೂಲಂಗಿ, ಸಾಸಿವೆ ಬೆಳೆದ ಮಡಿಯಲ್ಲಿ ಮರುವರ್ಷ ಇದನ್ನು ಇಡಬಾರದು.

ನಾಟಿಯಾದ 50ರಿಂದ 60 ದಿನಗಳಲ್ಲಿ ಕೊಯ್ಲು. ಎರಡರಿಂದ ಎರಡೂವರೆ ಅಂಗುಲದ ಅಡ್ಡಳತೆಯೇ ಹದ. ಕಿತ್ತಳೆಹಣ್ಣಿನ ಗಾತ್ರವೆಂದರೆ ಆಳುಗಳಿಗೆ ತಿಳಿಯುತ್ತದೆ. ಹೆಬ್ಬೆರಳ ಉಗುರನ್ನು ಸಿಪ್ಪೆಗೆ ಒತ್ತಿದರೆ ಸಲೀಸಾಗಿ ಇಳಿಯಬೇಕು. ಉಗುರು ಜಾರಿದರೆ ಹೊತ್ತು ಮೀರಿತು. ಇನ್ನೊಂದು ವಾರ ಬಿಟ್ಟರೆ ತೂಕ ಬಂದೀತೆಂಬ ಆಸೆ ಯಾರಿಗಾದರೂ ಸಹಜ. ಆ ತೂಕವು ನಾರಿನ ತೂಕವೆಂಬುದನ್ನು ಒಂದು ಗೆಡ್ಡೆ ಕೊಯ್ದು ನೋಡಿ ಮನಗಾಣಬಹುದು. ಬದನೆ, ಸೌತೆಗಳಲ್ಲಿ ಮಾಡುವಂತೆ ಬೀಜಕ್ಕೆಂದು ದಪ್ಪನೆಯವನ್ನು ಬಿಡುವುದೂ ವ್ಯರ್ಥ. ಹೂ ಬರಲು ಈ ಗಿಡಕ್ಕೆ ದೀರ್ಘಕಾಲದ ಚಳಿ ಬೇಕು, ಬಯಲುಸೀಮೆಯಲ್ಲಿ ಅದು ದೊರೆಯದು. ಬೀಜವನ್ನು ಪ್ರತಿ ವರ್ಷವೂ ಕೊಳ್ಳಲೇಬೇಕು.

ಇನ್ನು ಪಾಕದ ವಿಷಯ. ಇದನ್ನು ಗೃಹಿಣಿಯರಿಗೆ ಓದಿ ಹೇಳತಕ್ಕದ್ದು. ನಾರಿನ ಬಲವೆಲ್ಲ ಬುಡದಲ್ಲಿರುವುದರಿಂದ ಮೊದಲು ಬುಡವನ್ನು ಅರ್ಧ ಅಂಗುಲ ಕತ್ತರಿಸಿ ಹಾಕಿ, ಅಲ್ಲಿಂದ ಮೇಲಕ್ಕೆ ಸಿಪ್ಪೆಯನ್ನು ದಪ್ಪವಾಗಿ ಎಳೆಯಬೇಕು. ಹೊರಸಿಪ್ಪೆಯ ಕೆಳಗೆ ಬಿಳಿಯ ನಾರಿನ ಪದರವೊಂದುಂಟು, ಅದೂ ಹೋಗಬೇಕು. ಉಳಿದ ತಿರುಳನ್ನು ಸಣ್ಣ ಹೋಳುಗಳಾಗಿ ಹೆಚ್ಚಿ, ಒಗ್ಗರಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಸಿಡಿದ ಮೇಲೆ ಹಾಕಿ, ಅಂಗೈಯಷ್ಟು ನೀರು ಚಿಮುಕಿಸಿ ಮುಚ್ಚಿದರೆ ಕಾಲು ಗಂಟೆಯೊಳಗೆ ಬೇಯುತ್ತದೆ. ಇಳಿಸುವಾಗ ಹುರಿದ ಶೇಂಗಾಪುಡಿ, ಖಾರಪುಡಿ, ಉಪ್ಪು ಕೂಡಿಸಿದರೆ ಜೋಳದ ರೊಟ್ಟಿಗೆ ಒಳ್ಳೆಯ ಜೊತೆ. ಅತಿಯಾಗಿ ಬೇಯಿಸಿದರೆ ಕೋಸಿನ ಗಡಸು ವಾಸನೆ ಏಳುವುದು. ತೊಗರಿಬೇಳೆಯ ಹುಳಿಗೂ ಹೋಳುಗಳು ಸಲ್ಲುತ್ತವೆ. ಬೇಳೆ ಬೆಂದ ನಂತರ ಹಾಕುವುದು ಕ್ರಮ. ಎಳೆಯ ಗೆಡ್ಡೆಯನ್ನು ಹಸಿಯಾಗಿಯೇ ತುರಿದು ನಿಂಬೆರಸ, ಉಪ್ಪು, ಕೊತ್ತಂಬರಿ ಸೇರಿಸಿ ಕೋಸಂಬರಿ ಮಾಡಿದರೆ ಮಕ್ಕಳೂ ಬೇಡವೆನ್ನರು. ಎಳೆಯ ಎಲೆಗಳನ್ನು ಸೊಪ್ಪಿನಂತೆ ಬೇಳೆಯೊಡನೆ ಬೇಯಿಸಬಹುದು.

ಸಂತೆಗೆ ಕಳುಹಿಸುವವು ಬಾಡದಿರಲು ದೊಡ್ಡ ಎಲೆಗಳನ್ನು ತೆಗೆದು ತೊಟ್ಟಿನ ತುದಿಯಷ್ಟೇ ಉಳಿಸಿ, ಹಸಿ ಗೋಣಿ ಮುಚ್ಚಬೇಕು. ಹೊತ್ತು ಮೀರಿ ನಾರಾದವನ್ನು ಸಂತೆಗೂ ಕಳುಹಿಸಬಾರದು, ನೆಂಟರಿಗೂ ಕೊಡಬಾರದು. ಸಣ್ಣಗೆ ಕೊಚ್ಚಿ ಜೋಳದ ಸೊಪ್ಪೆಯೊಡನೆ ಸ್ವಲ್ಪ ಸ್ವಲ್ಪವಾಗಿ ದನಗಳಿಗೆ ಹಾಕಬಹುದು. ಹಾಲಿಗೆ ವಾಸನೆ ಹತ್ತದಂತೆ ಕರೆಯುವ ಎಮ್ಮೆಗೆ ಮಾತ್ರ ಅದನ್ನು ಹಾಲು ಕರೆದಾದ ಮೇಲೆ ಹಾಕತಕ್ಕದ್ದು.